ಒಂದೇ ನಗುವಿನ ಪಡೆ

ಕಳೆದ ವಾರ ಅಜ್ಜಿಯನ್ನು ಕರೆದುಕೊಂಡು ಅವಳ ಹೊಸ ಹಲ್ಲಿನ ಸೆಟ್ ತರಲು ಟಿಳಕವಾಡಿಯ ದವಾಖಾನೆಗೆ ಹೋಗಿದ್ದೆ. ಸೆಟ್ ಒಂದು ಕಡೆ ಒಸಡಿಗೆ ಸರಿಯಾಗಿ ಕೂರುತ್ತಿಲ್ಲವೆಂದು ಡಾಕ್ಟರು ಅಲ್ಲೇ ಒಂಚೂರು ಗುಲಾಬಿ ಪುಡಿಗೆ ಯಾವುದೋ ನೀರು ಬೆರೆಸಿ ಸರಿಪಡಿಸಿದರು. ಆ ನೀರಿನ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಘಾಟು ಬಡಿಯಿತು. ಉಗುರಿನ ಬಣ್ಣದಂಥ, ಹೊಸ ಪ್ಲಾಸ್ಟಿಕ್ಕಿನಂಥ, ಸ್ವಲ್ಪ ತಲೆ ಹಿಡಿಯುವ ಘಾಟು. ಬಿಸಿನೀರಿಗೆ ಹಾಕಬೇಡಿ, ಮಲಗುವಾಗ ತೆಗೆದಿಡಿ ಎಂದು ಡಾಕ್ಟರು ಹೇಳುತ್ತಿದ್ದರು. ನಾನು ಮನಸ್ಸಿನಲ್ಲಿ ಆಗಲೇ ನಮ್ಮ ಓಣಿಯ ಕಾಕುವಿನ ಮನೆಯ ಮುಂದಿನ ಖೋಲಿಯಲ್ಲಿದ್ದೆ…

ಕಾಕು ಎಂದರೆ ಚಿಕ್ಕಮ್ಮ, ಆದರೆ ಅವರು ನಮ್ಮ ಸಂಬಂಧಿಕರಲ್ಲ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆಯ ಎದುರಿಗೆ ಅವರ ಮನೆ. ಊರಿನ ಹಲ್ಲಿನ ಡಾಕ್ಟರುಗಳಿಗೆ ಸೆಟ್ ಮಾಡಿಕೊಡುವ ಲ್ಯಾಬನ್ನು ಮುಂದಿನ ಖೋಲಿಯಲ್ಲೇ ನಡೆಸುತ್ತಿದ್ದರು. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಪ್ಲಾಸ್ಟರಿನ ದವಡೆಗಳು. ಕಾಕುವಿಗೆ ಮದುವೆಯಾಗಿರಲಿಲ್ಲ. ಅವರ ಹಣೆಯ ಮೇಲಿರುವುದು ವಿಭೂತಿಯೋ ಪ್ಲಾಸ್ಟರ್ ಪುಡಿಯೋ ಎಂದು ನಮ್ಮವ್ವ ಚೇಷ್ಟೆ ಮಾಡಿದರೆ, "ಮುಂಜಾನೆ ವಿಭೂತಿ, ಮಧ್ಯಾಹ್ನದಾಗ ಎರಡೂ" ಎನ್ನುತ್ತಿದ್ದರು.

ನಾನು ಆಗ ಕಾಲೇಜಿನಲ್ಲಿದ್ದೆ. ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನಿಟ್ಟು, ದಾಳ ಉರುಳಿಸಿ, ಟೇಪಿನಿಂದ ದೂರ ಅಳೆದು, ಎಲ್ಲೂ ಇಲ್ಲದ ಎರಡು ರಾಜ್ಯಗಳ ಯುದ್ಧ ಆಡುವ ಹುಚ್ಚು ಹಿಡಿದಿತ್ತು. ಒಂದು ದಿನ ಕಟ್ಟೆಯ ಮೇಲೆ ಕೂತು, ತರಿಸಿಕೊಂಡಿದ್ದ ಪ್ಲಾಸ್ಟಿಕ್ ರಾಕ್ಷಸನಿಗೆ ಬಣ್ಣ ಹಚ್ಚುತ್ತಿದ್ದಾಗ ಕಾಕು ಹಿಂದೆ ಬಂದು ನಿಂತರು.

"ಏನೋ ತಮ್ಮಾ, ಗ್ವಾಡಿಗೆ ಸುಣ್ಣಾ ಬಳದಂಗ ಬಳದೀಯಲ್ಲೋ. ಕಣ್ಣು ಎಲ್ಲಿ ಅದಾವು ಇವಂದು?"

"ಅಂವ ರಾಕ್ಷಸ ಅದಾನ್ರಿ ಕಾಕು. ಕಣ್ಣು ಕಾಣಬಾರದು."

"ಕಣ್ಣಿಲ್ಲದಾಂವ ಹೆದರಸೋದು ಹೆಂಗ? ಎಡವಿ ಬೀಳ್ತಾನ, ಅಷ್ಟ."

ರಾಕ್ಷಸನನ್ನು ಕಿತ್ತುಕೊಂಡು ಒಳಗೆ ಹೋದರು. ಸಂಜೆ ಹಿಂತಿರುಗಿಸಿದಾಗ ಅವನಿಗೆ ಕಣ್ಣುಗಳಿದ್ದವು, ಕಣ್ಣಲ್ಲಿ ನಿದ್ದೆಗೆಟ್ಟವನ ಕೆಂಪು ಇತ್ತು. ಕಟ್ಟಿದ ಹಲ್ಲು ನಿಜದ್ದೆನಿಸಲು ಅದರ ಮೇಲೆ ಕಾಣದಂಥ ಬಿರುಕು ಬರೆಯುವ ಕುಂಚದಿಂದ ಬರೆದದ್ದು. ಇಂಥದ್ದನ್ನೇ ಅಚ್ಚು ತೆಗೆದು ಇನ್ನಷ್ಟು ಮಾಡಿಕೊಡಿ ಎಂದೆ. "ಮಂದಿ ಮಾಡಿದ್ದರ ಅಚ್ಚು ಯಾಕ ತಗೀಬೇಕು? ನಮ್ಮವನ್ನ ನಾವ ಮಾಡೂಣು" ಎಂದರು.

ಹಾಗೆ ಶುರುವಾಯಿತು. ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಹಲ್ಲಿನ ಸೆಟ್ ಮಾಡುವ ಅದೇ ಘಾಟಿನ ಸಾಮಾನಿನಲ್ಲೇ ಎರಕ ಹೊಯ್ದು ಕಾಕು ಸೈನಿಕರನ್ನು ಮಾಡಿದರು. ನನ್ನ ಕ್ಲಾಸಿನ ಸುಹಾಸ ಖಾನಾಪುರದವನು. ಅವರ ಮನೆಯಲ್ಲಿ ಮಡಕೆ, ಕುಂಡ ಸುಡುತ್ತಾರೆ. ಅವನು ಗುಡ್ಡ, ಕೋಟೆ, ಮುರಿದ ಸೇತುವೆಗಳನ್ನು ಮಣ್ಣಲ್ಲಿ ಮಾಡಿ, ಭಟ್ಟಿಯಲ್ಲಿ ಸುಟ್ಟು, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ರವಿವಾರ ಬಸ್ಸಿನಲ್ಲಿ ತರುತ್ತಿದ್ದ. ನಾನು ನಿಯಮ ಬರೆಯುತ್ತಿದ್ದೆ, ಯಾರು ಗೆದ್ದರು, ಯಾವ ಗುಡ್ಡ ಯಾರ ಕೈಗೆ ಹೋಯಿತು ಎಂದು ತಾರೀಖು ಹಾಕಿ ಡೈರಿಯಲ್ಲಿ ಇಡುತ್ತಿದ್ದೆ. ಊರಿನ ಲೆಕ್ಕ ಬರೆಯುವ ತಲಾಟಿಯ ಹೆಸರನ್ನೇ ಕಾಕು ನನಗಿಟ್ಟರು. "ಏ ತಲಾಟಿ, ಬರಕೊಂಡ್ಯಾ? ಇವತ್ತ ನಾ ಗೆದ್ದೀನಿ."

ಒಳ್ಳೆಯವರ ಪಡೆ ಅವರಿಗೆ ಸಲೀಸಾಗಿತ್ತು. ನಮ್ಮ ಓಣಿಯನ್ನೇ ಎತ್ತಿ ಮೇಜಿನ ಮೇಲಿಟ್ಟಂತೆ ಮಾಡಿದ್ದರು. ಹಾಲಿನವನಂತೆ ಒಂದು ಭುಜ ಇಳಿದ ಬಿಲ್ಲುಗಾರ, ಮುಂದಿನ ಎರಡು ಹಲ್ಲಿನ ನಡುವೆ ಸಂದಿಯಿರುವ ಸೇನಾಪತಿ, ಹೊಟ್ಟೆ ಬಂದ ಕುದುರೆ ಸವಾರ. ಕಷ್ಟ ಬಂದದ್ದು ಕೆಟ್ಟವರದು. ಕೊಂಬು ಬೇಡ, ಕೋರೆಹಲ್ಲು ಬೇಡ ಎಂದರು. "ಕೊಂಬು ಹಚ್ಚಿದ್ರ ಎತ್ತು ಆಗತಾನ" ಎಂದರು. ಮೇಜಿನ ಆ ತುದಿಯಿಂದ ನೋಡಿದರೂ ಇವರು ಯಾರೆಂದು ತಿಳಿಯಬೇಕು, ಹತ್ತಿರ ಬಂದು ನೋಡಿದರೆ ಇನ್ನೂ ಹೆದರಿಕೆಯಾಗಬೇಕು, ಇದು ಅವರ ಹಟ.

ಇಡೀ ಮಳೆಗಾಲ ಕೂತು ಅವರು ಉರಿಪಡೆ ಎಂದು ಒಂದನ್ನು ಮಾಡಿದರು. ಊರು ಸುಡುತ್ತ ಬರುವ ಮಂದಿ. ಮೈಯೆಲ್ಲ ಗಾಳಿಗೆ ವಾಲಿದ ಜ್ವಾಲೆಯ ಹಾಗೆ ಒಂದೇ ದಿಕ್ಕಿಗೆ ಬಾಗಿತ್ತು. ಮುಂದೆ ನಿಂತವನ ಕೈಯಲ್ಲಿ ಕಡುಕೇಸರಿ ಬಾವುಟ, ತುದಿಯಲ್ಲಿ ಎರಡು ನಾಲಗೆ. ಅಷ್ಟು ಚೆಂದದ ಕೆಲಸವನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆ ರವಿವಾರ ಸುಹಾಸ ಗುಡ್ಡಗಳನ್ನು ಜೋಡಿಸಿದ, ಬಾವುಟದವನನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

"ಕಾಕು, ಇವ್ರ ಕೆಟ್ಟವ್ರು?"

"ಹೂಂ. ಹೆಂಗದಾರ?"

"ಚಲೋ ಅದಾರ್ರಿ." ಅವನು ಅದನ್ನು ಮೆಲ್ಲಗೆ ಇಟ್ಟು ನೆಟ್ಟಗೆ ನಿಲ್ಲಿಸಿದ. "ನಾ ಬರ್ತೀನಿ. ಮನ್ಯಾಗ ಸ್ವಲ್ಪ ಕೆಲಸ ಐತಿ."

ಆಟ ಇನ್ನೂ ಶುರುವೇ ಆಗಿರಲಿಲ್ಲ. ಮುಂದಿನ ರವಿವಾರ ಅವನು ಬರಲಿಲ್ಲ, ಅದರ ಮುಂದಿನದೂ. ಫೋನು ಮಾಡಿದರೆ ಭಟ್ಟಿ ಕೆಲಸ ಎನ್ನುತ್ತಿದ್ದ. ಅವನ ಗುಡ್ಡಗಳು ಮೇಜಿನ ಮೇಲೆ ಹಾಗೇ ಇದ್ದವು. ಕಾಕು ಅವುಗಳ ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು. ಕೊನೆಗೆ ಒಂದು ದಿನ ಲ್ಯಾಬಿಗೆ ಕೀಲಿ ಹಾಕಿ, "ನಡಿ, ಖಾನಾಪುರಕ್ಕ ಹೋಗೂಣು" ಎಂದರು.

ಸುಹಾಸನ ಮನೆ ಹಂಚಿನದು. ಅಂಗಳದಲ್ಲಿ ಕುಂಡಗಳು ಒಣಗುತ್ತಿದ್ದವು. ಬಾಗಿಲ ಮೇಲೆ ಕೋಲಿಗೆ ಕಟ್ಟಿದ ಕೇಸರಿ ಬಾವುಟ ಹಾರುತ್ತಿತ್ತು. ತುದಿಯಲ್ಲಿ ಎರಡು ನಾಲಗೆ. ಬೆಳಗಾವಿಯಲ್ಲಿ ಬೆಳೆದವರಿಗೆ ಅದು ಹೊಸದಲ್ಲ; ಮರಾಠಿ ಮನೆಗಳ ಮೇಲೆ ದಿನಾ ನೋಡುತ್ತೇವೆ. ನಮ್ಮ ಹಳದಿ-ಕೆಂಪು ಬಾವುಟವನ್ನು ಅವರೂ ದಿನಾ ನೋಡುತ್ತಾರೆ. ಈ ಊರಲ್ಲಿ ಬೋರ್ಡಿನ ಮೇಲಿನ ಅಕ್ಷರಕ್ಕಿಂತ ಮೊದಲು ಬಟ್ಟೆಯ ಬಣ್ಣ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬೆಂಕಿಯ ಆಕಾರ ಹುಡುಕುತ್ತ ಕಾಕು ಆ ಬಾವುಟವನ್ನು ಊರು ಸುಡುವವರ ಕೈಗೆ ಕೊಟ್ಟಿದ್ದರು. ಅವರು ರಸ್ತೆಯಲ್ಲೇ ನಿಂತುಬಿಟ್ಟರು. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಯಾ ಯಾ, ಬಸಾ" ಎಂದು ಮರಾಠಿಯಲ್ಲಿ ಬರಮಾಡಿಕೊಂಡು ಸುಹಾಸನ ತಾಯಿ ಚಾಪೆ ಹಾಸಿ ಚಹಾ ಕೊಟ್ಟರು. ಕಾಕು ಚಹಾ ಕುಡಿದು, ಕೆಸರುಗೈಯಲ್ಲಿ ಬಂದು ನಿಂತಿದ್ದ ಸುಹಾಸನಿಗೆ ಹೇಳಿದರು:

"ನನಗ ಇನ್ನೊಂದು ಗುಡ್ಡ ಬೇಕಲ್ಲೋ. ನಿಧಾನಕ್ಕ ಮಾಡು. ಕೆಟ್ಟವರ ಸೈನ್ಯಾ ಇನ್ನೂ ತಯಾರಾಗಿಲ್ಲ."

"ಆಗೇತಲ್ರಿ ಕಾಕು. ನಾ ನೋಡೀನಲ್ಲ."

"ಇಲ್ಲ. ನೀ ನೋಡಿದ್ದು ತಪ್ಪಾಗಿದ್ದು."

ಅವನು ತಲೆ ತಗ್ಗಿಸಿ ಕೈಯ ಕೆಸರನ್ನು ಉಜ್ಜತೊಡಗಿದ.

ಬಸ್ಸಿನಲ್ಲಿ ನಾನು, ಹಸಿರು ಹಚ್ಚೋಣ ಎಂದೆ. "ಅದೂ ಯಾರದೋ ಮನಿ ಮ್ಯಾಲ ಐತಿ" ಎಂದರು. ಹಾಗಾದರೆ ಎಲ್ಲರೂ ಮಾಡುವಂತೆ ಕಪ್ಪು ಎಂದೆ. ಕಾಕು ತಮ್ಮ ಕೈಯನ್ನು ನನ್ನ ಕಣ್ಣ ಮುಂದೆ ಹಿಡಿದರು.

"ನಾ ಎಷ್ಟ ಕರ್ರಗ ಅದೀನಿ ನೋಡು. ನಾ ಕೆಟ್ಟಾಕಿ ಏನ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಅಲ್ರೀ, ಏನಾತ್ರಿ?" ಎಂದಳು. ಇಬ್ಬರೂ ನಕ್ಕೆವು.

ಮನೆಗೆ ಬಂದವರೇ ಕಾಕು ಲ್ಯಾಬಿನ ಮೋಟಾರು ಹಚ್ಚಿ ಉರಿಪಡೆಯನ್ನು ಒಬ್ಬೊಬ್ಬರನ್ನಾಗಿ ಉಜ್ಜತೊಡಗಿದರು. ಮಳೆಗಾಲದ ಕೆಲಸ ಕೇಸರಿ ಪುಡಿಯಾಗಿ ಅವರ ಮಡಿಲಿಗೆ ಬೀಳುತ್ತಿತ್ತು. ನೆನಪಿಗೆ ಒಬ್ಬನನ್ನಾದರೂ ಕೊಡಿ ಎಂದು ಬೇಡಿಕೊಂಡೆ. "ಒಬ್ಬ ಉಳದ್ರೂ ಎಲ್ಲಾರೂ ಉಳದಂಗ" ಎಂದರು.

ಆಮೇಲೆ ಬಹಳ ದಿನ ಏನೂ ಮಾಡಲಿಲ್ಲ. ಮೇಣ ಎತ್ತಿಕೊಳ್ಳುವರು, ಇಡುವರು… ದಾರಿ ತೋರಿಸಿದ್ದು ಅವರ ದಿನದ ಕೆಲಸವೇ. ಒಬ್ಬ ಮುದುಕರು ತಮ್ಮ ಸೆಟ್ಟಿನ ಹಲ್ಲುಗಳು ಒಂದೇ ಅಳತೆಯಲ್ಲಿ, ದಾರ ಹಿಡಿದು ಜೋಡಿಸಿದಂತಿರಬೇಕು ಎಂದು ಹಟ ಹಿಡಿದು ಹಾಗೇ ಮಾಡಿಸಿಕೊಂಡಿದ್ದರು. ವಾರದೊಳಗೆ ಅದು ವಾಪಸು ಬಂತು. ಮುದುಕರು ನಕ್ಕರೆ ಮೊಮ್ಮಗಳು ಚೀರಿ ಓಡಿಹೋಗುತ್ತಾಳಂತೆ. ಕಾಕು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಸೆಟ್ ಮಾಡುವಾಗ ಅವರು ಯಾವಾಗಲೂ ಒಂದು ಹಲ್ಲನ್ನು ಕೂದಲೆಳೆಯಷ್ಟು ಸೊಟ್ಟ ಇಡುತ್ತಿದ್ದರು. ಆಗಲೇ ಅದು ಮನುಷ್ಯನ ಬಾಯಿ ಎನಿಸುತ್ತದೆ ಎನ್ನುತ್ತಿದ್ದರು.

"ತಲಾಟಿ, ಸಿಕ್ರು ನೋಡು ನಮ್ಮ ಕೆಟ್ಟವ್ರು" ಎಂದರು.

ಆ ಪಡೆಗೆ ಬಾವುಟವಿಲ್ಲ, ಕೊಂಬಿಲ್ಲ, ಬಣ್ಣವೂ ಇಲ್ಲ. ಹಲ್ಲಿನ ಬಿಳುಪು, ಅಷ್ಟೇ. ಎಲ್ಲರೂ ಒಂದೇ ಎತ್ತರ, ಒಂದೇ ನಿಲುವು, ಎಲ್ಲರ ಮುಖದ ಮೇಲೂ ಅದೇ ಸಾಲುಹಲ್ಲಿನ ನಗು. ಯಾರೂ ಪಕ್ಕದವನನ್ನು ನೋಡುವುದಿಲ್ಲ. ಎರಡು ಕಮಾನುಗಳಾಗಿ ನಿಲ್ಲಿಸಿ ಎರಡೂ ಕಡೆಯಿಂದ ಗುಡ್ಡದತ್ತ ಸರಿಸಿದರೆ, ಮೇಜಿನ ಮೇಲೆ ಒಂದು ದವಡೆ ಮುಚ್ಚಿಕೊಳ್ಳುತ್ತದೆ. ನಡುವೆ ಸಿಕ್ಕ ಸಂದಿಹಲ್ಲಿನ ಸೇನಾಪತಿಯನ್ನು ನೆನೆದರೆ ನನಗೆ ಈಗಲೂ ಅಂಜಿಕೆಯಾಗುತ್ತದೆ.

ಸುಹಾಸ ಬಂದ. ಬಗಲಲ್ಲಿ ಸೀರೆ ಸುತ್ತಿದ ಹೊಸ ಗುಡ್ಡ. ಬಾಗಿಲಲ್ಲೇ ನಿಂತು ಮೇಜಿನತ್ತ ನೋಡಿದ.

"ಅರೇ ಬಾಪರೇ! ನಗಾಕತ್ತಾರಲ್ರೀ ಇವ್ರು!"

"ಯಾರರೆ ನಿನ್ನ ಗುರ್ತಿನವ್ರು ಅದಾರೇನು?" ಕಾಕು ತಮಾಷೆಯಾಗಿ ಕೇಳಿ ಸೈನಿಕರ ಮುಖಗಳನ್ನು ಅವನತ್ತ ತಿರುಗಿಸಿದರು.

ಅವನು ಬಾಗಿ ಒಂದು ಸಾಲನ್ನು ಪೂರ್ತಿ ನೋಡಿದ. "ಇಲ್ಲ ಕಾಕು. ಖರೇನ ಯಾರೂ ಇಲ್ಲ." ಗುಡ್ಡವನ್ನು ಮೇಜಿನ ನಡುವೆ ಇಟ್ಟ. ಆಮೇಲೆ ಕೇಳಿದ, "ಇಷ್ಟು ಮಂದಿಯೊಳಗ ನಮ್ಮ ಕಡೆ ಬರೋವ ಒಬ್ಬನರೆ ಇಲ್ಲೇನ್ರಿ?"

"ಅದಾನ. ಒಬ್ಬಂದು ಒಂದು ಹಲ್ಲು ಸೊಟ್ಟ ಐತಿ. ಹುಡುಕ್ಕೋರಿ."

"ಯಾಂವ?"

"ಹೇಳಿದ್ರ ತಲಾಟಿ ಬರಕೊಂಡು ಬಿಡತಾನ."

ಅದಾದ ಮೇಲೆ ಎಷ್ಟೋ ರವಿವಾರ ಆಡಿದೆವು. ಕಾಕು ಯಾವಾಗಲೂ ಬಿಳಿ ಪಡೆಯ ಪರ. ಆ ಕಡೆ ಆಡಲು ನಮಗಿಬ್ಬರಿಗೂ ಮನಸ್ಸಿರಲಿಲ್ಲ. ಒಂದು ಚಳಿಗಾಲ ಅವರು ಕೆಮ್ಮುತ್ತಲೇ ಇದ್ದರು, ಪ್ಲಾಸ್ಟರ್ ಪುಡಿ ಎಂದು ತಳ್ಳಿಹಾಕುತ್ತಿದ್ದರು… ಯುಗಾದಿಯ ಹೊತ್ತಿಗೆ ಕಾಕು ಇರಲಿಲ್ಲ, ಲ್ಯಾಬಿನ ಬಾಗಿಲು ಮುಚ್ಚಿತ್ತು. ಅವರ ತಮ್ಮ ಬಂದು ದವಡೆಗಳನ್ನೆಲ್ಲ ಚೀಲಕ್ಕೆ ತುಂಬಿಸಿ ಕಳಿಸಿದರು, ಸೈನಿಕರ ಡಬ್ಬಿಗಳನ್ನು ನಮಗೆ ಕೊಟ್ಟರು. ಒಳ್ಳೆಯವರ ಪಡೆ ಖಾನಾಪುರಕ್ಕೆ ಹೋಯಿತು. ಬಿಳಿ ಪಡೆ ನನ್ನ ಕಪಾಟಿನಲ್ಲಿದೆ.

ಮೊನ್ನೆ ಅಜ್ಜಿ ಹೊಸ ಸೆಟ್ ಹಾಕಿಕೊಂಡು ಕನ್ನಡಿ ನೋಡಿದಳು. "ಯವ್ವಾ, ಯಾರ ಹಲ್ಲೋ ಇವು? ನಕ್ರ ನನಗ ಅಂಜಿಕಿ ಬರತೈತಿ!" ಹಲ್ಲುಗಳು ದಾರ ಹಿಡಿದಂತೆ ಸಾಲಾಗಿದ್ದವು. ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾರೆ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಒಂದು ಹಲ್ಲನ್ನು ಕೂದಲೆಳೆಯಷ್ಟು ಸೊಟ್ಟ ಮಾಡಿಕೊಡಿ ಎಂದು ಈ ಊರಲ್ಲಿ ಇನ್ನು ಯಾರನ್ನು ಕೇಳಲಿ?

ಆ ಸಂಜೆ ಡಬ್ಬಿ ತೆಗೆದು, ಭೂತಗನ್ನಡಿ ಹಿಡಿದು ಕೂತೆ. ನನ್ನ ರೂಢಿಯಂತೆ ಒಬ್ಬೊಬ್ಬರ ಕಾಲಡಿ ಅಂಕಿ ಬರೆದು, ನೋಡಿ, ಡೈರಿಯಲ್ಲಿ ಗುರುತು ಹಾಕುತ್ತ ಹೋದೆ. ಎಲ್ಲರ ನಗುವೂ ಒಂದೇ. ಡಬ್ಬಿಯ ತಳದಲ್ಲಿ ಹತ್ತಿ ಸುತ್ತಿದ ಕೆಲವರು ಉಳಿದಿದ್ದಾಗ ಸುಹಾಸನ ಫೋನು ಬಂತು. ಏನು ಮಾಡುತ್ತಿದ್ದೇನೆಂದು ಹೇಳಿದೆ.

"ಸಿಕ್ಕನೇನೋ, ತಲಾಟಿ?"

ಆ ಹೆಸರಿನಿಂದ ನನ್ನನ್ನು ಕರೆಯುವವನು ಈಗ ಅವನೊಬ್ಬನೇ.

"ಇನ್ನೂ ಇಲ್ಲ" ಎಂದೆ. "ಸ್ವಲ್ಪ ಮಂದಿ ಉಳದಾರ."

"ಇರ್ಲಿ ಬಿಡು ಅವ್ರು. ಅವ್ರೊಳಗ ಅಂವ ಅದಾನಂತ ತಿಳ್ಕೊಳ್ಳೂಣು" ಎಂದ.

ಹತ್ತಿಯನ್ನು ಬಿಚ್ಚದೆ ಡಬ್ಬಿ ಮುಚ್ಚಿದೆ. ನನ್ನ ಡೈರಿಯಲ್ಲಿ ಲೆಕ್ಕ ಪೂರ್ತಿಯಾಗದ ಪುಟ ಅದೊಂದೇ…