ಬದುಕಿರುವಾಗಲೇ ತಿಥಿ ಉಂಡ ಸಾವೆತಕ್ಕ

ಸಾಲಿನ ನಡುವೆ ದನಿಯನ್ನು ಗಂಟಲಲ್ಲೇ ತಟ್ಟನೆ ಕಟ್ಟಿ ಬಿಡುವ ಮಾರಾಮುರೇಶ್ ಸೀಮೆಯ ಗಂಟಿನ ಹಾಡು ಇಂದಿಗೂ ಉಸಿರಾಡುತ್ತಿದ್ದರೆ, ಅದರಲ್ಲಿ ಶ್ರೀಮತಿ ಸಾವೆತಾ ಬೂಡ ಅವರ ಪಾಲು ದೊಡ್ಡದು. ನಮ್ಮ ತಂಡದಲ್ಲಿ ಮೂವತ್ತೆಂಟು ವರ್ಷ ಹಾಡಿ ಅವರೀಗ ನಿವೃತ್ತರಾಗುತ್ತಿದ್ದಾರೆ. ಅವರು ಗಂಟು ಹಾಕಿದಾಗ ಎದುರುಬೆಟ್ಟದ ಕುರಿಗಳು ಮೇವು ಬಿಟ್ಟು ತಲೆಯೆತ್ತುತ್ತಿದ್ದವು. ಎರಡು ಕುರಿ ಎತ್ತಿದ ತಲೆಯನ್ನು ಇನ್ನೂ ಇಳಿಸಿಲ್ಲವೆಂದು ಕುರುಬರ ದೂರಿದೆ.

ಪಿಟೀಲುಗಾರ ನಿಕಾನೋರ್ ತಂಡಕ್ಕೆ ಹೊಸದಾಗಿ ಸೇರಿದಾಗ, ರೊಟ್ಟಿಯ ಹಿಟ್ಟು ನಾದುತ್ತಲೇ ಹದಿನೇಳು ಸಲ ಹಾಡಿ, ತಾವೇ ಕಟ್ಟಿದ ಹಾಡೊಂದನ್ನು ಅವನಿಗೆ ಕಲಿಸಿದವರು ಅವರು. ಮರುವರ್ಷ ಆತ ಅದನ್ನು ರೇಡಿಯೋದಲ್ಲಿ ನುಡಿಸಿ ಹಾಡಿದ. ಹಾಡನ್ನು ಯಾರಿಂದ ಸಂಗ್ರಹಿಸಿದ್ದೆಂದು ಕೇಳುವುದು ನಮ್ಮಲ್ಲಿ ವಾಡಿಕೆ. ನಲವತ್ತರ ಪ್ರಾಯದ ಸಹೋದ್ಯೋಗಿಯ ಹೆಸರು ಹೇಳಿದರೆ ತೂಕವಿಲ್ಲ. ಹಾಡಿಕೊಟ್ಟಾಕೆ ಮುದುಕಿಯಾದಷ್ಟೂ, ಸತ್ತಿದ್ದರೆ ಇನ್ನಷ್ಟೂ, ಸಂಗ್ರಹಕಾರನಿಗೆ ಮರ್ಯಾದೆ.

"ಮೇಲಿನ ಹಳ್ಳಿಯ ತೊಂಬತ್ತೇಳರ ಅಜ್ಜಿಯಿಂದ," ಎಂದ ನಿಕಾನೋರ್. "ಪಾಪ, ಹೋಗ್ಬಿಟ್ರು."

ಆ ಹಾಡಿನ ಮೂರನೆಯ ಸಾಲಿನ ಗಂಟು ನಮ್ಮ ಇಡೀ ಇಜಾ ಕಣಿವೆಯಲ್ಲಿ ಒಬ್ಬರದೇ; ರೇಡಿಯೋ ಕೇಳಿದವರು ಗುರುತು ಹಿಡಿದು, ಹೋದದ್ದು ಅವರೇ ಎಂದುಕೊಂಡರು. ಸಂಜೆಯೊಳಗೆ ಸಾವೆತಾ ಅವರ ಬಾಗಿಲಿಗೆ, ಸತ್ತವರ ಹೆಸರಲ್ಲಿ ಹಂಚುವ ಸಿಹಿಗೋಧಿಯ ಆರು ಬಟ್ಟಲು ಮೇಣದಬತ್ತಿ ಸಮೇತ ಬಂದವು. ಬಾಗಿಲು ತೆರೆದದ್ದು ಅವರೇ. ತಂದವರಿಗೆ ವಾಪಸ್ ಒಯ್ಯಲು ಸಂಕೋಚ. ಮರುದಿನ ಅವರು ಒಂದು ಬಟ್ಟಲನ್ನು ತಾಲೀಮಿಗೆ ತಂದು ನಿಕಾನೋರ್ ಮುಂದಿಟ್ಟರು.

"ತಿನ್ನಪ್ಪಾ, ನನ್ ತಿಥೀದು. ಸಾಯ್ಸೋದು ಸಾಯ್ಸಿದೆ, ವಯಸ್ಸಾದ್ರೂ ಒಸಿ ಕಮ್ಮಿ ಹೇಳ್ಬಾರ್ದಿತ್ತೇನೋ?"

ಅವನು ಪೂರ್ತಿ ತಿಂದ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ. ಹಾಡು ಪುಸ್ತಕಕ್ಕೂ ಹೋಯಿತು. ಎರಡನೆಯ ಮುದ್ರಣದ ಹೊತ್ತಿಗೆ, ಇಲ್ಲವೇ ಇಲ್ಲದ ಆ ಅಜ್ಜಿಗೆ ಗಂಡನೂ ಕುಂಟುಗಾಲೂ ಬಂದವು. ಅವನ ಮಾನ ಹೋದೀತೆಂದು ಸಾವೆತಾ ಅವರು ತಮ್ಮ ಹಾಡನ್ನು ಹಾಡುವುದನ್ನೇ ಬಿಟ್ಟರು. ಇಪ್ಪತ್ತೈದು ವರ್ಷ. ಗೊತ್ತಿದ್ದ ನಾವೂ ಅದನ್ನು ಅವರ ದೊಡ್ಡ ಗುಣವೆಂದು ಹೊಗಳುತ್ತಾ ಸುಮ್ಮನಿದ್ದೆವು. ಹೊಗಳಿದಾಗಲೆಲ್ಲ ನಿಕಾನೋರ್ ತಲೆ ತಗ್ಗಿಸಿ ಕಮಾನಿಗೆ ರಾಳ ತಿಕ್ಕುತ್ತಿದ್ದ.

ಕಳೆದ ತಿಂಗಳು, ಬೀಳ್ಕೊಡುಗೆಯ ಸಂಗೀತ ಕಚೇರಿಯಲ್ಲಿ, ಅವನು ಮೈಕ್ ಹಿಡಿದ. ಕಿವಿ ಕೆಂಪಾಗಿತ್ತು.

"ಅಜ್ಜಿ ಯಾರೂ ಇರ್ಲಿಲ್ಲ. ಹಾಡು ಸಾವೆತಕ್ಕಂದು. ನಾನು ಸುಳ್ಳು ಹೇಳ್ದೆ."

ಸಾವೆತಾ ಅವರು ಎದ್ದು ಬಂದರು. "ಆಯ್ತಲ್ಲ, ಶ್ರುತಿ ಕೊಡೋ ಮಾರಾಯ."

ಹಾಡಿದರು. ಮೂರನೆಯ ಸಾಲಿನಲ್ಲಿ ದನಿ ನಿಂತಿತು. ಗಂಟು ಎಲ್ಲಿ ಹಾಕಬೇಕೆಂಬುದು ಗಂಟಲಿಗೇ ಮರೆತಿತ್ತು. ಪಿಟೀಲು ಅದನ್ನು ಒಂದಿಷ್ಟೂ ತಪ್ಪದೆ ನುಡಿಸಿತು. ನುಡಿಸುತ್ತಿದ್ದವನ ಮುಖ ನೋಡಲು ನಮಗಾಗಲಿಲ್ಲ.

ಈಗ ಪ್ರತಿ ಮಂಗಳವಾರ ಅವನು ಅವರ ಅಡುಗೆಮನೆಯಲ್ಲಿ ಕೂತು ಆ ಸಾಲನ್ನು ನುಡಿಸುತ್ತಾನೆ, ಅವರು ಗಂಟನ್ನು ಹುಡುಕುತ್ತಾರೆ. ಅದು ಸಿಗುವಷ್ಟು ಆಯಸ್ಸನ್ನೂ, ಸಿಕ್ಕಮೇಲೆ ಹಾಡಿಕೊಂಡಿರಲು ಬೇರೊಂದು ಆಯಸ್ಸನ್ನೂ ದೇವರು ಅವರಿಗೆ ಕೊಡಲಿ.