ಒಂಬತ್ತು ದಿನ ಚಿಕ್ಕವರು

ವಿಮಾನ ಕಂಪನಿಯಲ್ಲಿ ಪೈಲಟ್‌ಗಳಿಗೆಲ್ಲ ಒಂದು ಪಟ್ಟಿ ಇರುತ್ತದೆ. ಮೊದಲು ಸೇರಿದವರು ಮೇಲೆ, ಆಮೇಲೆ ಸೇರಿದವರು ಕೆಳಗೆ. ರಜೆಯೋ, ಒಳ್ಳೆಯ ಮಾರ್ಗವೋ, ದೊಡ್ಡ ವಿಮಾನವೋ, ಏನಿದ್ದರೂ ಮೇಲಿನವರು ಆರಿಸಿಕೊಂಡು ಬಿಟ್ಟದ್ದು ಕೆಳಗಿನವರಿಗೆ. ಒಂದೇ ದಿನ ಸೇರಿದವರಿದ್ದರೆ ಹುಟ್ಟಿದ ದಿನ ನೋಡುತ್ತಾರೆ. ನಮ್ಮ ಕ್ಯಾಪ್ಟನ್ ಹಾಳಾದದ್ದು ಇಲ್ಲಿಯೇ. ಅವರು ಕೆಲಸಕ್ಕೆ ಸೇರಿದ ದಿನವೇ ಇನ್ನೊಬ್ಬನೂ ಸೇರಿದ. ಅದೇ ತರಗತಿ, ಅದೇ ಬೆಂಚು, ಅದೇ ಊಟದ ಡಬ್ಬಿ ಹಂಚಿಕೊಂಡ ಸ್ನೇಹ. ಮಹಾರಾಯ ಇವರಿಗಿಂತ ಒಂಬತ್ತು ದಿನ ಮೊದಲು ಹುಟ್ಟಿದ್ದ. ಅವನಿಗೆ ನೂರಹದಿಮೂರನೆಯ ನಂಬರು ಸಿಕ್ಕಿತು, ಇವರಿಗೆ ನೂರಹದಿನಾಲ್ಕು.

ಇಪ್ಪತ್ತೆರಡು ವರ್ಷ ಕಳೆಯಿತು. ಮೇಲಿನವರು ನಿವೃತ್ತರಾದಂತೆಲ್ಲ ಇಬ್ಬರೂ ಮೇಲೇರಿದರು. ಅವನು ತೊಂಬತ್ತಾದಾಗ ಇವರು ತೊಂಬತ್ತೊಂದು, ಅವನು ಅರವತ್ತೊಂದಾದಾಗ ಇವರು ಅರವತ್ತೆರಡು. ಬಸ್ಸು ಎಷ್ಟೇ ಜೋರಾಗಿ ಓಡಿದರೂ ಹಿಂದಿನ ಸೀಟು ಮುಂದಿನ ಸೀಟನ್ನು ದಾಟುವುದಿಲ್ಲವಲ್ಲ, ಹಾಗೆ. ಒಮ್ಮೆ ತಡೆಯಲಾರದೆ ತಾಯಿಯನ್ನೇ ಕೇಳಿಬಿಟ್ಟರು, ನೀನು ಒಂದು ಹತ್ತು ದಿನ ಮುಂಚೆ ಹೆತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತಮ್ಮಾ ಎಂದು. ಆ ತಾಯಿ ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ, "ನೀನು ಹುಟ್ಟಿದ್ದೇ ಎರಡು ವಾರ ತಡವಾಗಿ ಕಣೋ. ಒಳಗೆ ಕೂತು ಯಾರದೋ ಲೆಕ್ಕ ಹಾಕ್ತಿದ್ದೆ ಅಂತ ಕಾಣತ್ತೆ," ಅಂದರು. ಆ ಮಾತು ಅವರ ತಲೆಗೆ ಹತ್ತಲಿಲ್ಲ.

ಭುಜದ ಮೇಲೆ ನಾಲ್ಕು ಚಿನ್ನದ ಗೆರೆ ತರುವ ಕ್ಯಾಪ್ಟನ್ ಹುದ್ದೆ ಒಂದು ಖಾಲಿ ಬಿದ್ದಾಗ ಸಹಜವಾಗಿ ಆ ಗೆಳೆಯನಿಗೆ ಹೋಯಿತು. ಮುಂದಿನದು ಖಾಲಿ ಬೀಳಲು ಹದಿನಾಲ್ಕು ತಿಂಗಳು ಬೇಕಾಯಿತು. ಆ ಹದಿನಾಲ್ಕು ತಿಂಗಳಲ್ಲಿ ಎಷ್ಟೋ ಸಲ ಇವರು ಅವನ ಬಲಗಡೆಯ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರಬೇಕಾಯಿತು. ಅವನಾದರೋ ಕೆಟ್ಟವನಲ್ಲ, ಅದೇ ದೊಡ್ಡ ಕಷ್ಟ. ಬೈಯುವವನಾಗಿದ್ದರೆ ತಿರುಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಅವನು ನಗುನಗುತ್ತಾ, ಒಂಬತ್ತು ದಿನದ ಹಿರಿತನದ ಸಲುಗೆಯಲ್ಲಿ, "ತಮ್ಮಾ, ಚಕ್ರ ಇಳಿಸಪ್ಪಾ," ಅನ್ನುತ್ತಿದ್ದ. ವಿಮಾನದ ಚಕ್ರ ಇಳಿಯುತ್ತಿತ್ತು, ಇವರ ಮೈಯಲ್ಲಿ ಉರಿ ಏರುತ್ತಿತ್ತು.

ಆಮೇಲೆ ಇವರೂ ಕ್ಯಾಪ್ಟನ್ ಆದರು. ಒಳ್ಳೆಯ ಕ್ಯಾಪ್ಟನ್ನೇ, ಅದರಲ್ಲಿ ಎರಡು ಮಾತಿಲ್ಲ. ಅಡ್ಡಗಾಳಿಯಲ್ಲಿ ಅವರು ವಿಮಾನ ಇಳಿಸಿದರೆ ಹಿಂದೆ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಆದರೆ ಹೊಗಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ: ಒಂಬತ್ತೇ ಒಂಬತ್ತು ದಿನ ಸ್ವಾಮಿ, ಇಲ್ಲದಿದ್ದರೆ ನಾನೆಲ್ಲಿರುತ್ತಿದ್ದೆ ಗೊತ್ತಾ. ಹೀಗಾಗಿ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಒಂಬತ್ತು ದಿನ' ಎಂದೇ ಕರೆಯುತ್ತಿದ್ದರು. ಇವತ್ತು ಯಾರ ಜೊತೆ ಹಾರಾಟ ಎಂದು ಕೇಳಿದರೆ, ಒಂಬತ್ತು ದಿನದ ಜೊತೆ ಎನ್ನುವರು. ಕೇಳಿದವರು ಅಯ್ಯೋ ಪಾಪ ಎನ್ನುವರು. ಏಕೆಂದರೆ ವಿಮಾನ ಮೇಲೆ ಹೋಗಿ ನೆಟ್ಟಗಾದ ಕೂಡಲೇ ಕ್ಯಾಪ್ಟನ್ ಗೆಳೆಯನ ಕಥೆ ಶುರು ಮಾಡಿದರೆ ಇಳಿಯುವ ಊರು ಬರುವ ತನಕ ನಿಲ್ಲಿಸುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ತಿಂಗಳ ಡ್ಯೂಟಿ ಪಟ್ಟಿ ಬಂದಾಗ ಎಲ್ಲರೂ ತಮ್ಮದನ್ನು ನೋಡಿಕೊಳ್ಳುತ್ತಾರೆ. ಇವರು ಮೊದಲು ಗೆಳೆಯನದನ್ನು ನೋಡುವರು. ಆಮೇಲೆ ಅದನ್ನು ಒಂದು ಡೈರಿಗೆ ಇಳಿಸಿಕೊಳ್ಳುವರು: ಎಷ್ಟು ದಿನ ರಜೆ, ಎಷ್ಟು ಭಾನುವಾರ ಮನೆಯಲ್ಲಿ, ಎಷ್ಟು ಸಲ ಸಮುದ್ರದ ಊರು. ಹನ್ನೊಂದು ವರ್ಷದ್ದು ಹನ್ನೊಂದು ಡೈರಿ, ಬೀರುವಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ. ಮಗಳು ಚಿಕ್ಕವಳಿದ್ದಾಗ ಒಂದು ದಿನ ಊಟಕ್ಕೆ ಕೂತು, ಅಪ್ಪ, ಆ ಅಂಕಲ್ ನಮಗೆ ಏನಾಗಬೇಕು ಎಂದು ಕೇಳಿದಳಂತೆ. ದಿನಾ ಅವರದೇ ಮಾತು ಬರುತ್ತಿತ್ತಲ್ಲ, ಹತ್ತಿರದ ನೆಂಟರಿರಬೇಕು ಅಂದುಕೊಂಡಿತ್ತು ಮಗು. ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕ್ಯಾಪ್ಟನ್ ತಟ್ಟೆ ಬಿಟ್ಟು ಎದ್ದು ಹೋದರು.

ಇಷ್ಟು ಸಾಲದೆಂಬಂತೆ ಆ ಗೆಳೆಯ ಪೈಲಟ್‌ಗಳ ಯೂನಿಯನ್‌ಗೆ ಅಧ್ಯಕ್ಷನಾದ. ಒಂದಲ್ಲ, ಮೂರು ಸಲ, ಮೂರು ಸಲವೂ ಎದುರಿಗೆ ಯಾರೂ ನಿಲ್ಲಲಿಲ್ಲ. ಅಲ್ಲಿಂದಾಚೆ ಅವನನ್ನು ಎಲ್ಲರೂ ಅಧ್ಯಕ್ಷರು ಎಂದರು, ಕಂಪನಿಯ ದೊಡ್ಡವರು ಎದ್ದು ಕೈಕುಲುಕಿದರು. ನಮ್ಮ ಕ್ಯಾಪ್ಟನ್‌ಗೆ ಆ ಕೈಗಳನ್ನು ಕಂಡರೇ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು. ನಾನೂ ನಿಲ್ಲಬಹುದಿತ್ತಲ್ಲ ಎಂದು ಅವರಿಗೆ ಪ್ರತಿ ಸಲವೂ ಅನ್ನಿಸಿದ್ದು ಚುನಾವಣೆ ಮುಗಿದ ಮಾರನೆಯ ದಿನ.

ಈ ವರ್ಷ ಅವಕಾಶ ತಾನಾಗಿ ಬಾಗಿಲಿಗೆ ಬಂತು. ಯೂನಿಯನ್ನು ಕಂಪನಿಯೊಂದಿಗೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ, ಮೇಲಿನವರು ತಮಗೆ ಬೇಡವಾದ ಡ್ಯೂಟಿಯನ್ನು ಬಿಟ್ಟುಬಿಡಬಹುದು ಎಂದಾಯಿತು. ಬೆಳಗಿನ ಜಾವದ ಡ್ಯೂಟಿ ಯಾರಿಗೆ ತಾನೇ ಬೇಕು? ಅದೆಲ್ಲ ಉರುಳಿ ಪಟ್ಟಿಯ ತಳದಲ್ಲಿದ್ದ ಕೋ-ಪೈಲಟ್‌ಗಳ ತಲೆಯ ಮೇಲೆ ಬಿತ್ತು. ನಾಲ್ಕು ಗಂಟೆಗೆ ಹಾಜರಾಗಬೇಕಾದ ದಿನಗಳು ಸಾಲಾಗಿ ಐದು, ಆರು. ನಿದ್ದೆಯಿಲ್ಲದೆ ಅವರ ಕಣ್ಣು ಒಳಗೆ ಹೋದವು. ಸಾಲಾಗಿ ಮೂರಕ್ಕಿಂತ ಹೆಚ್ಚು ಬೇಡ ಎಂದು ಕೇಳೋಣವೆಂದರೆ, ಯೂನಿಯನ್ನಿನ ನಿಯಮದಂತೆ ಮಹಾಸಭೆಯಲ್ಲಿ ಗೊತ್ತುವಳಿ ಮಂಡಿಸುವ ಹಕ್ಕು ಪಟ್ಟಿಯ ಮೊದಲ ನೂರು ಜನರಿಗೆ ಮಾತ್ರ. ಯಾರಿಗೆ ನೋವೋ ಅವರಿಗೆ ಬಾಯಿಲ್ಲ.

ಆಗ ಒಬ್ಬಳು ಕೋ-ಪೈಲಟ್ ನಮ್ಮ ಕ್ಯಾಪ್ಟನ್ ಹತ್ತಿರ ಬಂದಳು. ಮೂರು ವರ್ಷದ ಮಗುವಿನ ತಾಯಿ, ಮಿತಮಾತಿನವಳು. ಎಷ್ಟೋ ಹಾರಾಟಗಳಲ್ಲಿ ಅವರ ಪಕ್ಕ ಕೂತು ಗೆಳೆಯನ ಕಥೆ ಕೇಳಿದ್ದವಳು. ಅಧ್ಯಕ್ಷರ ಮುಖಕ್ಕೆ ಹೊಡೆದಂತೆ ಮಾತನಾಡುವ ಧೈರ್ಯ ಈ ಮನುಷ್ಯನೊಬ್ಬರಿಗೇ ಇದ್ದೀತು ಎಂದು ಅವಳ ಲೆಕ್ಕ. ನಲವತ್ತೊಂದು ಕೋ-ಪೈಲಟ್‌ಗಳು ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ ತಮ್ಮ ಕಷ್ಟ ಬರೆದು ಸಹಿ ಹಾಕಿದ್ದ ಎರಡು ಹಾಳೆ ಕೊಟ್ಟಳು. ಮೇಲೆ ಗೊತ್ತುವಳಿ, ಕೆಳಗೆ ಸಾಲುಗಳು. ಹತ್ತು ನಿಮಿಷ ಸಿಗುತ್ತದೆ, ಇದನ್ನು ಓದಿದರೆ ಸಾಕು ಸರ್ ಎಂದಳು.

ಕ್ಯಾಪ್ಟನ್ ಮೇಲಿನ ನಾಲ್ಕು ಸಾಲು ಓದಿ ಹಾಳೆಗಳನ್ನು ಜೇಬಿಗಿಟ್ಟರು. ಅವರ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ಗೊತ್ತುವಳಿ ಗೆದ್ದರೆ ಒಪ್ಪಂದ ಬಿತ್ತು. ಒಪ್ಪಂದ ಬಿದ್ದರೆ ಅದಕ್ಕೆ ಸಹಿ ಹಾಕಿದ ಅಧ್ಯಕ್ಷರು ಯಾವ ಮುಖ ಇಟ್ಟುಕೊಂಡು ಆ ಕುರ್ಚಿಯಲ್ಲಿ ಕೂರುತ್ತಾರೆ? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಊಟ ರುಚಿಸಿತು. ಎರಡು ವಾರ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಭಾಷಣ ಉರು ಹೊಡೆದರು. ಹೊರಗೆ ಟವೆಲ್ ಹಿಡಿದು ನಿಂತು ಕೇಳಿಸಿಕೊಂಡ ಹೆಂಡತಿಗೆ ಅನುಮಾನ ಬಂತು.

"ರೀ, ಅದರಲ್ಲಿ ಆ ಕೋ-ಪೈಲಟ್ ಮಕ್ಕಳ ನಿದ್ದೆ ವಿಷಯ ಎಲ್ಲಿ ಬರತ್ತೆ?"

"ಕೊನೇಲಿ ಬರತ್ತೆ ಬಿಡೇ," ಅಂದರು ಕ್ಯಾಪ್ಟನ್.

ಮಹಾಸಭೆ ನಡೆದದ್ದು ಯೂನಿಯನ್ನಿನ ಸ್ವಂತ ಸಭಾಂಗಣದಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿ ತೆರೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಸಮವಸ್ತ್ರ ಇಲ್ಲದ ಪೈಲಟ್‌ಗಳು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಶಾಲೆಯ ಪಾಲಕರ ಸಭೆಗೆ ಬಂದವರಂತೆ ಕೂತಿದ್ದರು. ಕೋ-ಪೈಲಟ್‌ಗಳು ಹಿಂದಿನ ಮೂರು ಸಾಲು ತುಂಬಿಕೊಂಡಿದ್ದರು. ಯೂನಿಯನ್ನು ನಿಜಕ್ಕೂ ಎಲ್ಲರದೋ ಅಥವಾ ಮೇಲಿನವರದೋ ಎಂಬ ಚರ್ಚೆ ಆಗಲೇ ಬಿಸಿಯಾಗಿತ್ತು. ಒಬ್ಬ ಹಳೆಯ ಕ್ಯಾಪ್ಟನ್ ಎದ್ದು, ತಮ್ಮ ಕಾಲದಲ್ಲಿ ಯೂನಿಯನ್ನೇ ಇರಲಿಲ್ಲ, ಕಂಪನಿ ಕೂರು ಅಂದರೆ ಕೂರಬೇಕಿತ್ತು, ಈಗ ಸಿಕ್ಕಿದ್ದನ್ನೆಲ್ಲ ಕೊಡಿಸಿದ್ದು ಇದೇ ಯೂನಿಯನ್ನು ಎಂದು ಮೇಜು ಕುಟ್ಟಿದರು. ಇನ್ನೊಬ್ಬರು, ಕೊಡಿಸಿದ್ದು ಯಾರಿಗೆ ಸ್ವಾಮಿ, ವಂತಿಗೆ ಮಾತ್ರ ಎಲ್ಲರ ಹತ್ತಿರ ಹಿಡಿಯುತ್ತೀರಿ ಎಂದು ತಿರುಗೇಟು ಕೊಟ್ಟರು. ಮುಂದಿನ ಸಾಲಿನವರಲ್ಲೇ ಕೆಲವರು ತಲೆಯಾಡಿಸಿದರು. ಗಾಳಿ ಗೊತ್ತುವಳಿಯ ಕಡೆಗೇ ಬೀಸುತ್ತಿತ್ತು, ಓದುವವರು ಬೇಕಿತ್ತು ಅಷ್ಟೇ.

ನಮ್ಮ ಕ್ಯಾಪ್ಟನ್ ಮೈಕಿನ ಹತ್ತಿರ ಹೋದರು. ಅವರ ಕೈಯಲ್ಲಿ ಆ ಎರಡು ಹಾಳೆ ಇದ್ದದ್ದನ್ನು ಹಿಂದಿನ ಸಾಲಿನವರು ನೋಡಿದ್ದಾರೆ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಅಧ್ಯಕ್ಷರು, ನಿಜವಾದ ವಿಶ್ವಾಸದಿಂದಲೇ ಇರಬೇಕು, ಮುಂದಕ್ಕೆ ಬಾಗಿ, "ನಮ್ಮ ತಮ್ಮ ಏನೋ ಹೇಳ್ಬೇಕಂತಿದಾನೆ. ಸಮಾಧಾನವಾಗಿ ಕೇಳೋಣ," ಅಂದರು.

ಸಭೆ ನಕ್ಕಿತು. ಪ್ರೀತಿಯ ನಗುವೇ, ಆದರೆ ಕ್ಯಾಪ್ಟನ್ ಕಿವಿ ಬಿಸಿಯಾಯಿತು. ಹಾಳೆಗಳು ಜೇಬಿಗೆ ಹೋದವು, ಕೈಚೀಲದಿಂದ ಡೈರಿಗಳು ಹೊರಗೆ ಬಂದವು.

ಆಮೇಲೆ ನಡೆದದ್ದನ್ನು ಹೇಳಲು ನನಗೇ ನಾಚಿಕೆ. ಈ ಯೂನಿಯನ್ನು ಯಾರದೆಂದು ತೋರಿಸುತ್ತೇನೆ ಎಂದು ಶುರು ಮಾಡಿ, ಅಧ್ಯಕ್ಷರು ಹೋದ ವರ್ಷ ಎಷ್ಟು ಭಾನುವಾರ ಮನೆಯಲ್ಲಿದ್ದರು ಎಂದು ಓದಿದರು. ಅದರ ಹಿಂದಿನ ವರ್ಷ ಎಷ್ಟು ಎಂದು ಓದಿದರು. ಸ್ವಲ್ಪ ಹೊತ್ತಿಗೆ ಡೈರಿಯೂ ಬೇಡವಾಯಿತು. ಅಧ್ಯಕ್ಷರ ಮಗನ ಶಾಲಾ ನಾಟಕಕ್ಕೆ ಸಿಕ್ಕ ರಜೆ, ಮಾವನ ಕಣ್ಣಿನ ಶಸ್ತ್ರಚಿಕಿತ್ಸೆಗೆ ಸಿಕ್ಕ ರಜೆ, ಮಡದಿಯೊಂದಿಗೆ ಸಮುದ್ರದ ಊರಿನಲ್ಲಿ ಉಳಿದ ಎರಡು ದಿನ, ಎಲ್ಲ ತಾರೀಖು, ವಾರ, ವಿಮಾನದ ನಂಬರಿನ ಸಮೇತ ಬಾಯಿಪಾಠ. ಸಭೆ ತಣ್ಣಗಾಯಿತು. ಅದು ತಮ್ಮ ಮಾತಿನ ಪ್ರಭಾವವೆಂದು ತಿಳಿದು ಕ್ಯಾಪ್ಟನ್ ಇನ್ನೂ ದನಿ ಏರಿಸಿದರು. ನಡುವಿನಲ್ಲಿ ಯಾರೋ, ಇಷ್ಟೆಲ್ಲ ಅಧ್ಯಕ್ಷರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ ಎಂದರು. ಒಬ್ಬರು ಕಿಸಕ್ಕೆಂದರು, ಇಬ್ಬರು ಕೆಮ್ಮಿದರು, ಆಮೇಲೆ ಸಭೆಗೆ ಸಭೆಯೇ ನಗಲು ಶುರು ಮಾಡಿತು. ಹಿಂದಿನ ಮೂರು ಸಾಲು ಮಾತ್ರ ನಗಲಿಲ್ಲ.

ಕಾರ್ಯದರ್ಶಿ ಗಂಟೆ ಬಾರಿಸಿದ. ಹತ್ತು ನಿಮಿಷ ಮುಗಿದಿತ್ತು. ಗೊತ್ತುವಳಿ, ಗೊತ್ತುವಳಿ ಇದೆ ಎಂದು ಕ್ಯಾಪ್ಟನ್ ಜೇಬು ತಡಕಿದರು. ಮಂಡಿಸುವವರು ತಮ್ಮ ಹತ್ತು ನಿಮಿಷದೊಳಗೆ ಓದದ ಗೊತ್ತುವಳಿಯನ್ನು ಮತಕ್ಕೆ ಹಾಕುವಂತಿಲ್ಲ, ಮುಂದಿನ ವರ್ಷದ ಸಭೆಗೆ ತನ್ನಿ ಎಂದು ಕಾರ್ಯದರ್ಶಿ ನಿಯಮದ ಪುಸ್ತಕ ತೆರೆದು ತೋರಿಸಿದ. ಅಧ್ಯಕ್ಷರು ನಗಲಿಲ್ಲ. ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು.

ಮೆಟ್ಟಿಲಿನ ತಿರುವಿನಲ್ಲಿ ಆ ಕೋ-ಪೈಲಟ್ ಕಾಯುತ್ತಿದ್ದಳು. ಕ್ಯಾಪ್ಟನ್‌ಗೆ ಅವಳನ್ನು ಕಂಡು ಪಿಚ್ಚೆನಿಸಿತು. ಅವನು ತಮ್ಮ ಅಂದದ್ದು ಕೇಳಿದೆ ತಾನೇ, ಬೇಕು ಅಂತಲೇ ಕೆಣಕಿದ್ದು ಎಂದು ವಿವರಿಸಲು ಹೋದರು. ಅವಳು ತಡೆಯಲಿಲ್ಲ. ಅವರು ಹೇಳಿ ಮುಗಿಸುವ ತನಕ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಕೇಳಿದಳು.

"ಆ ಹಾಳೆ ಪೂರ್ತಿ ಓದಿದ್ರಾ ಸರ್?"

ಕ್ಯಾಪ್ಟನ್ ಜೇಬಿನಲ್ಲಿದ್ದ ಹಾಳೆಗಳನ್ನು ಮುಟ್ಟಿ ನೋಡಿಕೊಂಡರು.

"ಕೊನೆಯಿಂದ ಎರಡನೇ ಸಾಲು ನಂದು. ಹೋದ ತಿಂಗಳ ಮೊದಲನೇ ಮಂಗಳವಾರ, ಸಾಲಾಗಿ ಐದನೇ ದಿನ, ವಿಮಾನ ಮೇಲಿದ್ದಾಗಲೇ ನಾನು ನಿದ್ದೆ ಹೋಗಿಬಿಟ್ಟೆ ಸರ್. ಎಷ್ಟು ಹೊತ್ತು ಅಂತ ನಂಗೇ ಗೊತ್ತಿಲ್ಲ. ಪಕ್ಕದ ಸೀಟಲ್ಲಿ ಇದ್ದದ್ದು ನೀವೇ. ನಿಮಗೆ ಗೊತ್ತೇ ಆಗಿರಲಿಲ್ಲ. ಅಧ್ಯಕ್ಷರ ವಿಷಯ ಹೇಳ್ತಾನೇ ಇದ್ರಿ."

ಇಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ನಾಳೆಯೂ ಅವಳಿಗೆ ನಾಲ್ಕು ಗಂಟೆಗೇ ಡ್ಯೂಟಿ.

ಕ್ಯಾಪ್ಟನ್ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ನಿಂತರು. ನೂರೆಂಬತ್ತು ಪ್ರಯಾಣಿಕರಿದ್ದ ವಿಮಾನ. ಆ ಮಂಗಳವಾರವನ್ನು ಹೇಗಾದರೂ ನೆನಪಿಗೆ ತಂದುಕೊಳ್ಳಬೇಕೆಂದು ಕಣ್ಣು ಮುಚ್ಚಿದರು. ಯಾವ ಊರಿಗೆ ಹೊರಟಿದ್ದೆವು, ಮೋಡ ಇತ್ತೋ ಇರಲಿಲ್ಲವೋ, ಅವಳ ತಲೆ ಯಾವಾಗ ವಾಲಿತು, ಒಂದು ಸಲವಾದರೂ ನಾನು ಆ ಕಡೆ ತಿರುಗಿದೆನೋ ಇಲ್ಲವೋ. ಏನೂ ಬರಲಿಲ್ಲ. ಮಂಗಳವಾರ ಎಂದಾಗ ಅವರಿಗೆ ನೆನಪಾದದ್ದು ಒಂದೇ, ಆ ದಿನ ಅಧ್ಯಕ್ಷರಿಗೆ ರಜೆ ಇತ್ತು.