ಕೇಕ್ ಅಚ್ಚಿನ ಮುಚ್ಚಳ

ನನ್ನ ನಾಲಿಗೆ ಸ್ವಲ್ಪ ಉದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಮುಚ್ಚಿಡುವುದೇನಿದೆ? ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ, ಆ ಮರದ ಕ್ಯಾಮೆರಾವನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದಾಗ ಬಾಗಿಲಲ್ಲೇ ತಡೆದಿದ್ದೆ.

"ಇದು ಒಳಗೆ ಬಂದ್ರೆ ನಾನು ಹೊರಗೆ ಹೋಗ್ಬೇಕಾಗುತ್ತೆ, ನೋಡಿ."

"ನೀನ್ಯಾಕೆ ಹೋಗ್ತೀಯಮ್ಮ, ಮೂಲೇಲಿ ನಿಲ್ಲಿಸ್ತೀನಿ," ಎಂದರು. ಸ್ವಲ್ಪ ತಡೆದು, "ನಿನ್ನನ್ನಲ್ಲ, ಕ್ಯಾಮೆರಾನ," ಎಂದರು. ಭಾವ ಅಷ್ಟು ಮಾತಾಡಿದ್ದೇ ಹೆಚ್ಚು.

ಕೆಳಗೆ ಬೇಕರಿ, ಮೇಲೆ ನಮ್ಮ ಮನೆ. ಅಣ್ಣತಮ್ಮಂದಿರಿಬ್ಬರೂ ಸೇರಿ ನಡೆಸುತ್ತಾರೆ. ಭಾವ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಹಿಟ್ಟು ಹುದುಗೋ ಹೊತ್ತಿಗೆ ನಾನು ಅಲ್ಲಿರಬೇಕು, ಹೆಣ್ಣು ನೋಡೋಕೆ ಯಾವಾಗ ಹೋಗ್ಲಿ?" ಎನ್ನುತ್ತಿದ್ದರು. ಬೆಳಗಿನ ಬ್ರೆಡ್ಡೆಲ್ಲ ಮಾರಾಟವಾಗಿ ಒಲೆ ಆರಿದ ಮೇಲೆ ಅವರಿಗೆ ಪುರುಸೊತ್ತು. ಆ ಪುರುಸೊತ್ತನ್ನೆಲ್ಲ ಈ ಕ್ಯಾಮೆರಾ ನುಂಗಿತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತಿದ್ದೆ, ಅವರಿಗೆ ಕೇಳುವಷ್ಟು ಜೋರಾಗಿ.

ಕ್ಯಾಮೆರಾಕ್ಕಿಂತ ಅದರ ಲೆನ್ಸಿನ ಕಥೆ ದೊಡ್ಡದು. ಹಿತ್ತಾಳೆಯದು, ನಮ್ಮ ಅಜ್ಜಂದಿರಿಗಿಂತ ಹಳೆಯದು, ಕೈಯಲ್ಲಿ ಹಿಡಿದರೆ ತೂಕದ ಕಲ್ಲಿನಷ್ಟು ಭಾರ. ಪಕ್ಕದ ಬೀದಿಯ ಸ್ಟುಡಿಯೋದ ಯಜಮಾನರು ಹಾಸಿಗೆ ಹಿಡಿದಾಗ, ಅವರು ಅಗಿಯದೆ ನುಂಗುವಂಥ ಮೆತ್ತನೆ ಬ್ರೆಡ್ಡನ್ನು ಭಾವ ಬೇರೆಯಾಗಿಯೇ ಸುಟ್ಟು ತಾವೇ ಕೊಟ್ಟು ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಈ ಲೆನ್ಸನ್ನೂ ಕ್ಯಾಮೆರಾವನ್ನೂ ಭಾವನ ಕೈಗಿತ್ತು, "ಇದು ನಿಮ್ಮ ಹತ್ರ ಇದ್ರೆ ಅವರಿಗೂ ಸಮಾಧಾನ," ಎಂದರಂತೆ.

ಅದಕ್ಕೆ ಒತ್ತುವ ಗುಂಡಿಯೇ ಇಲ್ಲ. ಮುಚ್ಚಳ ತೆಗೆದರೆ ಬೆಳಕು ಒಳಗೆ, ಹಾಕಿದರೆ ಕತ್ತಲೆ, ಅಷ್ಟೇ. ಆದರೆ ಮೂಲದ ಮುಚ್ಚಳ ಎಲ್ಲೋ ಕಳೆದುಹೋಗಿತ್ತು. ಭಾವ ಮನೆಯ ಲೋಟ, ಡಬ್ಬಿ ಎಲ್ಲ ಹಾಕಿ ನೋಡಿ, ಕೊನೆಗೆ ಬೇಕರಿಯ ಸಣ್ಣ ಕೇಕ್ ಅಚ್ಚನ್ನು ತಂದು ಕವುಚಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಆಮೇಲೆ ಹಿತ್ತಲಿಗೆ ಜನ ಬರತೊಡಗಿದರು. ಅಂಚೆಯವನು ಬಂದ, ಕ್ಷೌರದಂಗಡಿಯವನು ಬಂದ, ಎದುರುಮನೆಯ ಟೀಚರು ಬಂದರು. ಭಾವ ಎಲ್ಲರನ್ನೂ ಸ್ಟೂಲಿನ ಮೇಲೆ ಕೂರಿಸಿ, ಕರಿಬಟ್ಟೆಯ ಮುಸುಕಿನೊಳಗೆ ಹೋಗಿ ನೋಡಿ, ಹೊರಗೆ ಬಂದು ಪುಸ್ತಕದಷ್ಟಗಲದ ಫಿಲ್ಮ್ ಹಾಳೆಯನ್ನು ಹಿಂದೆ ಸಿಕ್ಕಿಸುತ್ತಿದ್ದರು. "ಅಲ್ಲಾಡಬೇಡಿ" ಎಂದು ಅಚ್ಚು ತೆಗೆದು, ಬಾಯೊಳಗೇ ಎಣಿಸಿ ಮತ್ತೆ ಮುಚ್ಚುತ್ತಿದ್ದರು. ಮೊದಮೊದಲು ಮೈದಾ ಧೂಳು ಫಿಲ್ಮಿನ ಮೇಲೆ ಕೂತು, ಚಿತ್ರದಲ್ಲಿ ಮೆಣಸು ಉದುರಿಸಿದ ಹಾಗೆ ಕಪ್ಪು ಚುಕ್ಕೆ ಬೀಳುತ್ತಿತ್ತು. "ನಂಗೆ ಸಿಡುಬು ಯಾವಾಗ ಬಂತು ಸ್ವಾಮಿ?" ಎಂದು ಕ್ಷೌರದವನು ಕೇಳಿದ. ಅವತ್ತಿನಿಂದ ಭಾವ ಸ್ನಾನ ಮಾಡದೆ ಫಿಲ್ಮ್ ಮುಟ್ಟಲಿಲ್ಲ.

ಅವರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ಲೆನ್ಸನ್ನು ಕಪಾಟಿನಲ್ಲಿ ಆ ಅಚ್ಚಿನೊಳಗೆ ಮೂತಿ ಕೆಳಗಾಗಿ ಇಡುತ್ತಿದ್ದರು. ಹಿಂದಿನ ಗಾಜು ಮೇಲೆ ಬರುತ್ತಿತ್ತು. ದಿನ ಬೆಳಗಾದರೆ ಅದರ ಮೇಲೆ ಬೆರಳಿನ ಗುರುತು. ನನ್ನ ಇಬ್ಬರು ಹುಡುಗಿಯರಿಗೆ ಬೈಗುಳ. "ನಾವಲ್ಲ ದೊಡ್ಡಪ್ಪ" ಎಂದು ಅವು ಆಣೆ ಹಾಕಿದರೂ ನಂಬುತ್ತಿರಲಿಲ್ಲ.

ಇನ್ನು ನಮ್ಮ ಅತ್ತೆ. ಅವರ ಕಣ್ಣಿಗೆ ಸುತ್ತಲಿಂದ ಕತ್ತಲೆ ಒತ್ತರಿಸಿಕೊಂಡು ಬರುವ ಕಾಯಿಲೆ. ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಬೀಗದ ತೂತಿನಿಂದ ನೋಡುವಷ್ಟು ಉಳಿದಿತ್ತು. ಹತ್ತಿರ ಹೋದರೆ ನಮ್ಮ ಮೂಗು ಮಾತ್ರ ಕಾಣುತ್ತಿತ್ತು, ದೂರ ನಿಂತರೆ ಎಲ್ಲ ಮಸುಕು. ಬೆಳಕು ಕಡಿಮೆಯಾದರೆ ಅದೂ ಇಲ್ಲ. ಊಟಕ್ಕೆ ಕೂತಾಗ, "ಯಾರ್ಯಾರು ಇದೀರಿ?" ಎಂದು ಕೇಳಿಯೇ ತುತ್ತು ಎತ್ತುತ್ತಿದ್ದರು. ಆ ತೂತೂ ಮುಚ್ಚಿಹೋಗುತ್ತದೆ ಎಂದು ಡಾಕ್ಟರು ಹೇಳಿದ ದಿನ ಅವರು ಅಳಲಿಲ್ಲ. "ಮುಚ್ಚೋದ್ರೊಳಗೆ ಒಂದ್ಸಲ ನೀವೆಲ್ಲ ಒಟ್ಟಿಗೆ ಕಂಡಿದ್ರೆ ಸಾಕಿತ್ತು," ಎಂದರು. ಫೋಟೋ ತೆಗೆಸಿ ಕೊಡೋಣ ಎಂದರೆ, "ಫೋಟೋದಲ್ಲಿ ಯಾರೂ ಉಸಿರಾಡಲ್ಲ, ಬಿಡು," ಎಂದರು.

ಭಾವ ಒಂದು ವಾರ ಹಿಟ್ಟು ನಾದುತ್ತ ಯೋಚಿಸಿದರು. ಆಮೇಲೆ ನನ್ನ ಹತ್ತಿರ ಬಂದು ಹೇಳಿದರು. ಕ್ಯಾಮೆರಾದ ಹಿಂದೆ ಒಂದು ಮಬ್ಬು ಗಾಜಿದೆ, ಮುಂದೆ ನಿಂತವರೆಲ್ಲ ಅದರ ಮೇಲೆ ಅಂಗೈಯಷ್ಟು ಜಾಗದಲ್ಲಿ ಕಾಣುತ್ತಾರೆ. ಈ ಹಳೆ ಲೆನ್ಸು ಬೆಳಕಿನ ವಿಷಯದಲ್ಲಿ ಧಾರಾಳಿ, ಹೊಸ ಲೆನ್ಸಿನಲ್ಲಿ ಅಷ್ಟು ಬೆಳಗುವುದಿಲ್ಲ. ಬಿಸಿಲಲ್ಲಿ ನಿಂತರೆ ಅಮ್ಮನಿಗೆ ಎಲ್ಲರೂ ಒಂದೇ ನೋಟಕ್ಕೆ ಸಿಗಬಹುದು, ತಲೆಕೆಳಗಾಗಿ.

ನಾದಿನಿ ಎಳೆಮಗುವನ್ನು ಎತ್ತಿಕೊಂಡು ಒಂದೇ ದಿನದ ಮಟ್ಟಿಗೆ ಬರುವವಳಿದ್ದಳು. ಅದೇ ದಿನ ಎಂದು ನಿಶ್ಚಯವಾಯಿತು. ನಮ್ಮ ಹಿತ್ತಲಿಗೆ ಮಧ್ಯಾಹ್ನದವರೆಗೆ ಮಾತ್ರ ಬಿಸಿಲು, ಆಮೇಲೆ ಪಕ್ಕದ ಕಟ್ಟಡದ ನೆರಳು.

ಹಿಂದಿನ ದಿನ ನನ್ನ ಗಂಡ ತಮ್ಮ ಪ್ರತಾಪ ತೋರಿಸಿದರು. ಭಾವ ಲೆನ್ಸನ್ನು ಪರೀಕ್ಷಿಸಲು ಒಯ್ದಾಗ ಅಚ್ಚನ್ನು ಬೇಕರಿಯ ಮೇಜಿನ ಮೇಲೆ ಬಿಟ್ಟಿದ್ದರು. ಖಾಲಿ ಅಚ್ಚು ಕಂಡರೆ ಇವರ ಕೈ ತಾನಾಗಿ ಬೆಣ್ಣೆಗೆ ಹೋಗುತ್ತದೆ. ಉಳಿದ ಅಚ್ಚುಗಳ ಜೊತೆಗೆ ಅದಕ್ಕೂ ಚೆನ್ನಾಗಿ ಸವರಿ ಇಟ್ಟರು. ಭಾವ ನೋಡದೆ ತಂದು ಲೆನ್ಸಿಗೆ ಕವುಚಿದರು, ತೆಗೆದಾಗ ಗಾಜಿಗೆಲ್ಲ ಬೆಣ್ಣೆ.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾರೆ ಅಂತ ಕೇಳಿದ್ದೆ, ನೀವು ಬೆಣ್ಣೆ ಬಿಟ್ಟಿದೀರಿ," ಎಂದೆ ನಾನು ಇವರಿಗೆ.

ಭಾವ ತಮ್ಮನನ್ನು ಬೈಯದೆ ಲೆನ್ಸ್ ಬಿಚ್ಚಿ ಒರೆಸಲು ಕೂತರು. ಬೆಣ್ಣೆ ಅಂಟಿದ್ದು ಮುಂದಿನ ಗಾಜಿಗೆ ಮಾತ್ರ, ಆದರೆ ಅವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಹಿಂದಿನ ಎರಡು ಗಾಜುಗಳನ್ನೂ ಬಿಚ್ಚಿ, ತೊಳೆದು, ನಡುವೆ ಹಿತ್ತಾಳೆ ಬಳೆ ಇಟ್ಟು ಕೂರಿಸಿದರು.

ಮರುದಿನ ಎಲ್ಲರೂ ಬಿಸಿಲಲ್ಲಿ ನಿಂತೆವು. ಭಾವ ಮುಸುಕಿನೊಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಮುಖ ಬಿಳಿಚಿತ್ತು. "ಏನೂ ಕಾಣ್ತಿಲ್ಲ, ಎಲ್ಲ ಗಂಜಿ ಆಗಿದೆ," ಎಂದರು. ಗಾಜನ್ನು ಎಲ್ಲೋ ತಿರುವುಮುರುವಾಗಿ ಕೂರಿಸಿದ್ದರು. ಯಾವುದು ಮುಂದೆ, ಯಾವ ಮುಖ ಹಿಂದೆ ಎಂಬುದು ನೆನಪಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಒಂದು ಥರ ಹಾಕಿದರು, ಓಡಿಹೋಗಿ ನೋಡಿದರು, ಗಂಜಿ. ಇನ್ನೊಂದು ಥರ ಹಾಕಿದರು, ಆಗಲೂ ಗಂಜಿ. ನೆರಳು ಗೋಡೆ ಇಳಿದು ಹಿತ್ತಲಿನ ನೆಲಕ್ಕೆ ಬರುತ್ತಿತ್ತು. ಮಗು ಅಳುತ್ತಿತ್ತು.

"ಕೊಡಿಲ್ಲಿ ಅದನ್ನ," ಎಂದರು ಹಿತ್ತಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ. ಲೆನ್ಸಿನ ಹಿಂಭಾಗಕ್ಕೆ ಬೆರಳು ಆಡಿಸಿದರು. "ಇದು ಗುಳಿ ಇದೆಯಲ್ಲೋ. ಹೊರಗಡೆ ಇದ್ದದ್ದು ಉಬ್ಬಿದ ಗಾಜು."

"ನಿಂಗೆ ಹೇಗೆ ಗೊತ್ತು?"

ಅತ್ತೆ ಗಾಜಿನಿಂದ ಬೆರಳು ತೆಗೆದು, "ದಿನಾ ಮುಟ್ತಿದ್ದೆ ಕಣೋ. ತಣ್ಣಗೆ ಹಿತವಾಗಿರುತ್ತೆ," ಎಂದರು.

ನನ್ನ ಹುಡುಗಿಯರಿಬ್ಬರೂ ಸೊಂಟದ ಮೇಲೆ ಕೈಯಿಟ್ಟು ದೊಡ್ಡಪ್ಪನನ್ನು ನೋಡಿದರು. "ತಪ್ಪಾಯ್ತು ಮಕ್ಕಳೇ," ಎಂದರು ಭಾವ. ಉಬ್ಬಿದ ಗಾಜನ್ನು ಹೊರಗಿಟ್ಟು ಬಿಗಿದರು.

ಈ ಸಲ ಮುಸುಕಿನಿಂದ ಹೊರಬಂದವರೇ ಅತ್ತೆಯ ಕೈ ಹಿಡಿದು ಮುಸುಕಿನೊಳಗೆ ಕರೆದೊಯ್ದು ತಾವೂ ಜೊತೆಗೆ ನಿಂತರು. ನಾನು ಬೆಳಕು ನುಸುಳದ ಹಾಗೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು ನಿಂತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಮಗು ಆಕಳಿಸ್ತು. ಚಿಕ್ಕೋನಿಗೆ ಹೊಟ್ಟೆ ಬಂದಿದೆ."

"ತಲೆಕೆಳಗಾಗಿದೆ ಅಲ್ವಾ ಅಮ್ಮ?" ಎಂದರು ಭಾವ.

"ಆಗ್ಲಿ ಬಿಡು, ಎಲ್ಲರೂ ಇದಾರಲ್ಲ." ಒಬ್ಬೊಬ್ಬರನ್ನೇ ಎಣಿಸಿ, "ಸೊಸೆ ಎಲ್ಲಿ?" ಎಂದರು.

"ಇಲ್ಲೇ ಇದೀನಿ ಅತ್ತೆ, ಬಟ್ಟೆ ಹಿಡ್ಕೊಂಡಿದೀನಿ."

"ಬಟ್ಟೆ ಹಾಳಾಗ್ಲಿ. ನೀನು ಹೋಗಿ ಅಲ್ಲಿ ನಿಂತ್ಕೋ."

ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ ಹೋಗಿ ನಿಂತೆ. ಭಾವನ ಕ್ಯಾಮೆರಾ ಮುಂದೆ ನಿಂತು ಅಭ್ಯಾಸವಾದವರು ನಾವು, ಉಸಿರು ಕಟ್ಟಿ ನಿಂತಿದ್ದೆವು. "ಯಾಕ್ರೋ ಹೀಗೆ ಗೂಟ ಹೊಡ್ಕೊಂಡು ನಿಂತಿದೀರಿ? ಅಲ್ಲಾಡಿ," ಎಂದರು ಅತ್ತೆ. "ಏ ಇವಳೇ, ಯಾರಿಗಾದ್ರೂ ಬೈಯಿ, ನೋಡೋಣ." ನನ್ನ ಉದ್ದ ನಾಲಿಗೆ ಅವತ್ತು ಕೈಕೊಟ್ಟಿತು. ಅಳು ಬಂತು. "ಅಳ್ತಿದಾಳೆ, ಅದೂ ಕಾಣ್ತಿದೆ," ಎಂದು ಅತ್ತೆ ತೃಪ್ತಿಯಿಂದ ಹೇಳಿದರು. ಆಮೇಲೆ, "ದೊಡ್ಡೋನೇ, ನೀನೊಬ್ಬ ಉಳ್ಕೊಂಡೆ," ಎಂದರು.

ಭಾವ ಮುಸುಕಿನಿಂದ ಹೊರಬಂದರು. ಫಿಲ್ಮ್ ಹಾಳೆ ತುಂಬಿದ ಚೌಕಟ್ಟು ಕೈಯಲ್ಲಿ ಸಿದ್ಧವಾಗಿತ್ತು. ಅದನ್ನು ಸಿಕ್ಕಿಸಿದರೆ ಗಾಜು ಮುಚ್ಚಿಹೋಗುತ್ತದೆ, ಚಿತ್ರ ನಮಗೆ ಸಿಗುತ್ತದೆ, ಅತ್ತೆಗೆ ಕತ್ತಲೆ. ಅವರು ಅದನ್ನು ಸ್ಟೂಲಿನ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ನಿಂತರು. ಬಿಸಿಲು ನಮ್ಮ ಕಾಲಿನಿಂದ ಸರಿದುಹೋಗುವವರೆಗೂ ನಾವೆಲ್ಲ ಅಲ್ಲಾಡುತ್ತಲೇ ಇದ್ದೆವು. ಅತ್ತೆ ಹೊರಗೆ ಬರಲಿಲ್ಲ.

ಆ ದಿನದ ಫೋಟೋ ಎಲ್ಲಿ ಎಂದು ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಭಾವನ ಹೊಟ್ಟೆ ತಣ್ಣಗಿರಲಿ, ಅವರು ಕೊಟ್ಟದ್ದನ್ನು ತೀರಿಸಲು ನನ್ನ ಕೈಯಲ್ಲಾಗುವುದಿಲ್ಲ. ಈಗ ಅತ್ತೆಗೆ ಪೂರ್ತಿ ಕತ್ತಲೆ. ಬೆಳಿಗ್ಗೆ ಎದ್ದವರು ಗೋಡೆ ಹಿಡಿದು ಕಪಾಟಿಗೆ ಹೋಗಿ ಆ ಗಾಜಿನ ಮೇಲೆ ಬೆರಳಿಡುತ್ತಾರೆ. ಆ ಗುರುತನ್ನು ಭಾವ ಫೋಟೋ ತೆಗೆಯುವ ದಿನ ಮಾತ್ರ ಒರೆಸುತ್ತಾರೆ.